ಬೋಲ್ಟಿಗೆ ಹಾಕಿದ ಉಪ್ಪುನೀರು

ನಮ್ಮ ಮಾವನವರ ಕೈಗೆ ಏನೂ ಆಗಿರಲಿಲ್ಲ. ಕಾರಿನ ಆ ಬೋಲ್ಟು ತುಂಡಾದದ್ದು ಅವರಿಂದಲ್ಲ, ನನ್ನಿಂದ. ದಿನಾಲೂ ಎಣ್ಣೆ ಬಿಡುತ್ತಿರು ಎಂದು ನನ್ನ ಕೈಗೆ ಡಬ್ಬಿ ಕೊಟ್ಟು ಅವರು ಊರಿಗೆ ಹೋದರು. ನಾನು ಉಪ್ಪುನೀರು ಬಿಟ್ಟೆ. ಮರೆತು ಅಲ್ಲ, ತಿಳಿಯದೆ ಅಲ್ಲ — ಬೇಕೆಂದೇ.

ನೋಡಿ, ಬರೆದದ್ದಾಯಿತು. ಇಷ್ಟೇ ಮಾತು. ಇದನ್ನು ಗಂಟಲಲ್ಲಿಟ್ಟುಕೊಂಡು ನಾನು ಮುದುಕಿಯಾದೆ.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಅಲ್ಲಿಯೇ ಬೋರ್ಡಿಂಗಿನಲ್ಲಿದ್ದುಕೊಂಡು. ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಪಾದ್ರಿಯೆದುರು ತಪ್ಪು ಒಪ್ಪಿಕೊಳ್ಳಲು ಸಾಲಾಗಿ ಕನ್ಫೆಶನ್ನಿಗೆ ಹೋಗುತ್ತಿದ್ದರು. ನಮ್ಮಂಥ ಹಿಂದೂ ಹುಡುಗಿಯರಿಗೆ ಅದೇ ಹೊತ್ತಿಗೆ ಮಾರಲ್ ಸೈನ್ಸ್. ಅವರು ಚಕ್ಕನೆ ಹಗುರಾಗಿ ಹೊರಬಂದು ಸ್ಕಿಪ್ಪಿಂಗ್ ಆಡುತ್ತಿದ್ದರು. ನಾವು ಒಳಗೆ ಕೂತು ಹಾನೆಸ್ಟಿ ಈಸ್ ದ ಬೆಸ್ಟ್ ಪಾಲಿಸಿ ಎಂದು ಕಾಪಿ ಬರೆಯುತ್ತಿದ್ದೆವು. ಎಷ್ಟು ಹೊಟ್ಟೆಕಿಚ್ಚಾಗುತ್ತಿತ್ತು! ಆದರೆ ಆ ಮರದ ಪೆಟ್ಟಿಗೆಯ ಮುಂದೆ ಮೊಣಕಾಲೂರುವ ಹಕ್ಕು ನನಗಿದ್ದಿದ್ದರೂ ಇದೊಂದನ್ನು ಹೇಳುತ್ತಿದ್ದೆನೇ — ಗೊತ್ತಿಲ್ಲ. ಬಹುಶಃ ಇಲ್ಲ.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ಧಾರವಾಡದಲ್ಲಿರುವ ನನ್ನ ನಾದಿನಿ ಶಾಂತಾ ಕಸೂತಿ ಹಾಕುವುದನ್ನು ಬಿಟ್ಟಿದ್ದಾಳೆ. ಮಾವನವರ ಒಬ್ಬಳೇ ಮಗಳು ಅವಳು. ಅವಳ ಗೋಪುರ, ಅವಳ ನವಿಲು, ಅವಳ ತುಳಸಿ ಕಟ್ಟೆ — ಹಿಂಬದಿಯಿಂದ ನೋಡಿದರೂ ಒಂದು ಗಂಟು ಕಾಣದು. ಈಗ ಬಲಗೈ ನಡುಗುತ್ತದಂತೆ. ಡಾಕ್ಟರಿಗೆ ತೋರಿಸು ಎಂದು ಫೋನಿನಲ್ಲಿ ಎಷ್ಟು ಹೇಳಿದರೂ ನಗುತ್ತಾಳೆ.

"ಡಾಕ್ಟರ್ ಏನ್ ಮಾಡ್ತಾನ್ರೀ ವೈನೀ? ಅಪ್ಪನ ಕೈ ಬಂದದ ನನಗ. ಅಪ್ಪಗೂ ಕಡೀಕ ಹಿಂಗ ಆಗಿತ್ತಲ್ಲ. ಮನಿತನದ್ದು ಇದು, ಔಷಧ ಇಲ್ಲ."

ಅಪ್ಪನ ಕೈ. ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಫೋನು ಕೆಂಡವಾಯಿತು. ಅಪ್ಪನಿಗೆ ಇರದ ರೋಗವನ್ನು ಮಗಳು ಆಸ್ತಿಯ ಹಾಗೆ ಸ್ವೀಕರಿಸಿ ಸುಮ್ಮನೆ ಕೂತಿದ್ದಾಳೆ. ಆ ರೋಗ ಹುಟ್ಟಿಸಿದವಳು ನಾನು.

ನಡೆದದ್ದು ಎಪ್ಪತ್ತರ ದಶಕದ ಕೊನೆಗೆ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮುಂದೆ ಒಂದಿಷ್ಟು ಅಂಗಳ, ಅಂಗಳದಲ್ಲಿ ತಗಡಿನ ಚಪ್ಪರ, ಚಪ್ಪರದ ಕೆಳಗೆ ಮಾವನವರ ಕಾರು. ಅವರು ದೌಂಡದ ರೈಲ್ವೆಯಲ್ಲಿ ಫಿಟರ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ಇಡೀ ಜನ್ಮ ಉಗಿಬಂಡಿಗಳ ಹೊಟ್ಟೆಯೊಳಗೆ ಕೈ ಹಾಕಿದ ಮನುಷ್ಯ. ಮನೆಯಲ್ಲಿ ಸುಮ್ಮನೆ ಕೂತಾರೆಯೇ? ಕ್ಯಾಂಪಿನ ಒಬ್ಬ ಪಾರ್ಸಿ ಮುದುಕನಿಂದ ಹಳೆಯ ಕಾರೊಂದನ್ನು ಕೊಂಡು ತಂದಿದ್ದರು. ಅದರ ಗತ್ತು ನೋಡಿ ನಾನು ಡಚೆಸ್ ಎಂದು ಹೆಸರಿಟ್ಟೆ. ಅವರ ಬಾಯಲ್ಲಿ ಅದು ಡಚ್ಚವ್ವ ಆಯಿತು.

ನನ್ನ ತಂದೆ ನಾನು ಚಿಕ್ಕವಳಿದ್ದಾಗಲೇ ಹೋದರು. ರಜೆಯಲ್ಲೂ ಬೋರ್ಡಿಂಗಿನಲ್ಲೇ ಉಳಿಯುವ ಹುಡುಗಿ ನಾನು. ತಂದೆ ಎಂದರೆ ನನಗೆ ಒಂದು ಫೋಟೋ, ಅಷ್ಟೆ. ಮದುವೆಯಾಗಿ ಬಂದ ಹೊಸದರಲ್ಲಿ, ಪುಸ್ತಕದಿಂದ ಕಲಿತ ಕನ್ನಡದಲ್ಲಿ, "ಮಾವನವರೇ, ತಮಗೆ ಚಹಾ ತಂದುಕೊಡಲೇ?" ಎಂದು ಕೇಳಿದ್ದೆ. ಅವರು ಸುತ್ತಮುತ್ತ ನೋಡಿ, "ರೇಡಿಯೋ ಯಾರು ಹಚ್ಚೀರಪಾ ಇಷ್ಟ ಮುಂಜಾನೆ?" ಎಂದರು. ನಾನು ಅಳುವ ಹಾಗಾದೆ. ಆಗ ಪಕ್ಕದಲ್ಲಿ ಕೂಡ್ರಿಸಿಕೊಂಡು, "ತಮಗ ಗಿಮಗ ಬ್ಯಾಡ ಮೇಡಮ್ಮಾ. ಚಹಾ ಬೇಕೇನ್ರಿ ಅಪ್ಪಾ, ಅನ್ನು. ಅಪ್ಪಾ ಅನ್ನು ನೋಡೂಣು," ಎಂದರು. ಅಂದೆ. ಆ ಶಬ್ದ ನನ್ನ ಬಾಯಲ್ಲಿ ಎಷ್ಟೋ ವರ್ಷ ಬಂದಿರಲಿಲ್ಲ.

ಅಂದಿನಿಂದ ನಾನು ಅವರ ಅಸಿಸ್ಟಂಟು. ಅತ್ತೆಯವರು ನಾನು ಬರುವ ಮೊದಲೇ ತೀರಿಕೊಂಡಿದ್ದರು; ನನ್ನ ಗಂಡ ಆಫೀಸಿಗೆ ಹೋದ ಮೇಲೆ ಅಂಗಳ ನಮ್ಮಿಬ್ಬರ ರಾಜ್ಯ. ಕಾರಿನ ಜೊತೆ ಬಂದ ಇಂಗ್ಲಿಷ್ ಮ್ಯಾನ್ಯುಅಲ್ ನಾನು ಗಟ್ಟಿಯಾಗಿ ಓದಬೇಕು, ಅವರು ಬಾನೆಟ್ಟಿನೊಳಗೆ ತಲೆ ಹಾಕಿ ಹೂಂ ಅನ್ನಬೇಕು. ಡು ನಾಟ್ ಯೂಸ್ ಎಕ್ಸೆಸಿವ್ ಫೋರ್ಸ್ ಎಂದು ಓದಿ, ಅತಿಯಾಗಿ ಬಲ ಹಾಕಬೇಡಿ ಎಂದು ಅರ್ಥ ಹೇಳಿದರೆ, "ಹಾಂ, ಬಿಳೇ ಮಂದಿಗೂ ಒಂದೀಟು ತಿಳೀತದ ಹಂಗಾರ," ಎನ್ನುವರು. "ಹನ್ನೆರಡರ ಪಾನಾ ಕೊಡು" ಎಂದರೆ ನಾನು ನೋಡದೆ ತೆಗೆದುಕೊಡುವಷ್ಟು ಪಳಗಿದ್ದೆ — ಪಾನಾ ಅಂದರೆ ಸ್ಪ್ಯಾನರ್. ಸಂಜೆ ನನ್ನ ಸೀರೆಯ ಮೇಲೆ ಗ್ರೀಸಿನ ಕಲೆ ನೋಡಿ ನನ್ನ ಗಂಡ, "ಏನ್ ಅಪ್ಪಾ, ಸೊಸೀನ್ನ ದೌಂಡಕ್ಕ ಭರ್ತಿ ಮಾಡ್ಸಾವ ಇದ್ದೀಯೇನು?" ಎಂದು ಕಾಡುತ್ತಿದ್ದರು.

ಐ ವಾಸ್ ಹ್ಯಾಪಿ. ಇದಕ್ಕೆ ಕನ್ನಡ ನನಗೆ ಗೊತ್ತು, ಆದರೂ ಆಗ ಮನಸ್ಸಿನಲ್ಲಿ ಬರುತ್ತಿದ್ದದ್ದು ಹೀಗೆಯೇ.

ಆಮೇಲೆ ಶಾಂತಾಗೆ ಮಗುವಾಯಿತು — ಬಹಳ ವರ್ಷ ಕಾದ ಮೇಲೆ. ನಮ್ಮ ಕಡೆ ಮಗಳಿಗೆ ಮಕ್ಕಳಾಗುವ ತನಕ ತಂದೆ ಅವಳ ಮನೆಯಲ್ಲಿ ಊಟ ಮಾಡುವುದಿಲ್ಲ. ಈಗ ಯಾರೂ ಪಾಲಿಸುವುದಿಲ್ಲ, ಅಪ್ಪ ಪಾಲಿಸಿದ್ದರು. ಧಾರವಾಡಕ್ಕೆ ಹೋದಾಗಲೆಲ್ಲ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿ, ಊಟಕ್ಕೆ ಖಾನಾವಳಿಗೆ ಹೋಗಿ ಬರುತ್ತಿದ್ದ ಮನುಷ್ಯ. ಸುದ್ದಿ ಬಂದ ದಿನ ಅಂಗಳದಲ್ಲಿ ನಿಂತು, "ಇನ್ನ ನನ್ನ ಮಗಳ ಕೈ ಅನ್ನ ಉಣ್ತೀನಿ," ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದರು.

ತವರಿನಿಂದ ತೊಟ್ಟಿಲು ಹೋಗಬೇಕು. ಶಾಂತಾ ಮಲಗಿದ್ದ ಸಾಗುವಾನಿ ತೊಟ್ಟಿಲೇ ಅಟ್ಟದ ಮೇಲಿತ್ತು. ಅದನ್ನು ಡಚ್ಚವ್ವನ ತಲೆಯ ಮೇಲೆ ಕಟ್ಟಿಕೊಂಡು ತಾವೇ ಓಡಿಸಿಕೊಂಡು ಹೋಗುವುದೆಂದು ಅವರ ನಿಶ್ಚಯ. ಸ್ವಾರಗೇಟಿಗೆ ನಾಲ್ಕು ಹೆಜ್ಜೆ, ಬಸ್ಸಿಗೆ ಹಾಕೋಣ ಎಂದು ಮಗ ಅಂದರೆ, "ಕೋಳಿ ಬುಟ್ಟಿ ಜೋಡಿ ನನ್ನ ಮೊಮ್ಮಗಳ ತೊಟ್ಟಲಾ? ಹುಚ್ಚ ಹಿಡದದೇನು ನಿನಗ?" ಎಂದು ಗದರಿದರು.

ತೊಟ್ಟಿಲು ಇಳಿಸುವಾಗ ಏಣಿ ಹಿಡಿದು ನಿಂತವಳು ನಾನು. ಮೇಲಿನಿಂದ ಧೂಳು ಊದುತ್ತ ಅವರು, "ಸುಮ್ನ ಅಟ್ಟದ ಮ್ಯಾಲ ಬಿದ್ದಿತ್ತು ನೋಡು. ಇನ್ನರೆ ಕೆಲಸಕ್ಕ ಬರ್ತದ," ಎಂದರು. ನನ್ನ ಮದುವೆಯಾಗಿ ಐದಾರು ವರ್ಷ, ಮಡಿಲು ಬರಿದು. ಚುಚ್ಚಬೇಕೆಂದು ಅಂದದ್ದಲ್ಲ — ಅವರಿಗೆ ಹಾಗೆ ಅನ್ನಲು ಬರುತ್ತಲೇ ಇರಲಿಲ್ಲ. ಇದನ್ನು ನೆವವಾಗಿ ಹೇಳುತ್ತಿಲ್ಲ. ಆ ಹೊತ್ತಿಗೆ ನನಗೆ ಏಣಿ ಬಿಟ್ಟು ಒಳಗೆ ಹೋಗಬೇಕೆನ್ನಿಸಿತು, ಹೋಗಲಿಲ್ಲ, ಅಷ್ಟೇ.

ಕಾರಿನಲ್ಲಿ ನೀರು ಸೋರುತ್ತಿತ್ತು. ರೇಡಿಯೇಟರಿನ ರಬ್ಬರ್ ಹೋಸು ಇಂಜಿನ್ನಿಗೆ ಕೂಡುವಲ್ಲಿ ಒಂದು ಅಲ್ಯುಮಿನಿಯಂ ಮುಚ್ಚಳವಿದೆ. ಅದನ್ನು ಬಿಚ್ಚಿ, ಸೋರದಂತೆ ಒಳಗೆ ಇಡುವ ಗ್ಯಾಸ್ಕೆಟ್ ಹಾಳೆ ಬದಲಿಸಬೇಕು. ಬೋಲ್ಟುಗಳೆಲ್ಲ ಬಂದವು, ಒಂದು ಬರಲೊಲ್ಲದು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೇರೆಯವರಾದರೆ ಪಾನಾಕ್ಕೆ ಪೈಪು ತೊಡಿಸಿ ಜಗ್ಗುತ್ತಿದ್ದರು. ಅಪ್ಪ ಪಾನಾ ಕೆಳಗಿಟ್ಟು ಬೀಡಿ ಹಚ್ಚಿದರು.

"ಜಾಮ್ ಆದ ಬೋಲ್ಟ್ ಅಂದ್ರ ಸಿಟ್ಟಾದ ಬೀಗರಿದ್ದಂಗ, ಮೇಡಮ್ಮಾ. ಜಗ್ಗಬಾರದು. ಮದಲ ದಿನಾ ಎಣ್ಣಿ ಹಾಕಿ ಉಪಚಾರ ಮಾಡಬೇಕು. ಆಮ್ಯಾಲ ಅವರು ಹೊಂಟ ದಿಕ್ಕಿಗೇ ಒಂದ ಕೂದಲೆಳಿ ಬಿಗೀಬೇಕು — ಹೌದ್ರಿ, ನಿಮ್ದ ಖರೇ ಅಂತ. ಆಮ್ಯಾಲ ಸಾವಕಾಶ ನಮ್ಮ ದಿಕ್ಕಿಗೆ."

"ಅಷ್ಟಾದ್ರೂ ಬರದಿದ್ರ?"

"ಮುರಿಯೂಕಿಂತ ಮದಲ ಅದು ಕೈಗೆ ಹೇಳತದ. ಕೇಳೂ ಕೈ ಇರಬೇಕು. ಇಷ್ಟ ವರ್ಷದಾಗ ಈ ಕೈಯಾಗ ಒಂದ ಬೋಲ್ಟ್ ಮುರದಿಲ್ಲ," ಎಂದು ಅಂಗೈ ತೋರಿಸಿದರು. ಅಂಗೈಯ ಗೆರೆಗಳಲ್ಲಿ ಕಪ್ಪು ಎಣ್ಣೆ ಇಂಗಿತ್ತು. ಅದು ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ದೌಂಡದಿಂದ ಹಳೆಯ ಜೊತೆಗಾರನ ಮನೆಯ ಮದುವೆಗೆ ಕರೆ ಬಂತು, ಒಂದು ವಾರದ ಮಟ್ಟಿಗೆ. ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮುಂಜಾನೆ ಸಂಜೆ ಬಿಡುತ್ತಿರು, ನಾನು ಬರುವುದರೊಳಗೆ ಎರಡು ಬೆರಳಿನಿಂದ ತಿರುಗುತ್ತದೆ ಎಂದರು. ಹೊರಡುವ ಮುಂಚೆ ಮಗನಿಗೆ ಹೇಳುತ್ತಿದ್ದದ್ದು ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸಿತು. "ಕಾರ್ ರಿಪೇರಿ ಆತಂದ್ರ ಹೋಗಿ ಶಾಂತಾನ ಕಡೆನ ಇದ್ದಬಿಡ್ತೀನಪಾ. ಕೂಸು ನಡಿಯೂತನಕರೆ. ಇಲ್ಲೇನದ ಈಗ ನನ್ನ ಕೆಲಸ?"

ಇಲ್ಲೇನದ.

ನಾನು ಅಕ್ಕಿ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಆ ವಾರ ನಾನು ಮಾಡಿದ್ದನ್ನು ನೇರವಾಗಿ ಬರೆಯುತ್ತೇನೆ. ಹೊಸ ಸೊಸೆಯಾಗಿ ಬಂದಾಗ ಒಮ್ಮೆ ನಿಂಬೆಯ ಉಪ್ಪಿನಕಾಯಿ ಭರಣಿಗೆ ತಗಡಿನ ಮುಚ್ಚಳ ಹಾಕಿಟ್ಟಿದ್ದೆ; ಸ್ವಲ್ಪ ದಿನದಲ್ಲೇ ಮುಚ್ಚಳ ತುಕ್ಕಿನ ಹಪ್ಪಳವಾಗಿ ಮುರಿದು ಬಿತ್ತು. ಆ ವಿದ್ಯೆ ನೆನಪಾಯಿತು. ಭರಣಿಯಿಂದ ಉಪ್ಪುನೀರು ಬಸಿದುಕೊಂಡು, ಪೆನ್ನಿಗೆ ಮಸಿ ತುಂಬುವ ಫಿಲ್ಲರಿನಿಂದ, ಆ ಬೋಲ್ಟಿನ ತಲೆಯ ಸುತ್ತ ಹನಿ ಹನಿಯಾಗಿ ಬಿಟ್ಟೆ. ಮುಂಜಾನೆ. ಸಂಜೆ. ಅಪ್ಪ ಹೇಳಿದ ಹೊತ್ತಿಗೇ, ತಪ್ಪದೆ. ಎಣ್ಣೆಯ ಡಬ್ಬಿ ಕಟ್ಟೆಯ ಮೇಲೆ ಹಾಗೇ ಇತ್ತು. ಅದು ಮುರಿಯಲಿ ಎಂದು ನನಗಿರಲಿಲ್ಲ. ತಿರುಗದಿರಲಿ ಎಂದಿತ್ತು. ತಿರುಗದಿದ್ದರೆ ಮಳೆಗಾಲ ಬರುತ್ತದೆ, ಘಾಟಿನಲ್ಲಿ ಹೋಗುವುದು ಬೇಡ ಎನ್ನಬಹುದು, ಆಮೇಲೆ ಗಣಪತಿ, ಆಮೇಲೆ ದಸರೆ... ಅಷ್ಟರೊಳಗೆ ಅವರಿಗೆ ಇಲ್ಲಿಯೂ ಏನಾದರೂ ಇದೆ ಎನ್ನಿಸಬಹುದು. ಮೂವತ್ತರ ಹತ್ತಿರ ಬಂದ ಹೆಂಗಸು ಹೀಗೆ ಯೋಚಿಸಿದ್ದಳು. ಅವರು ಬರುವ ದಿನ ಬಟ್ಟೆಯಿಂದ ಉಪ್ಪಿನ ಬಿಳುಪನ್ನು ಒರೆಸಿ, ಮೇಲೆ ನಾಲ್ಕು ಹನಿ ನಿಜವಾದ ಎಣ್ಣೆ ಹಾಕಿ ಮಿರಿಮಿರಿ ಮಿಂಚುವ ಹಾಗೆ ಮಾಡಿದೆ.

ಅಪ್ಪ ಬಂದು ಕೈಕಾಲು ತೊಳೆಯುವ ಮೊದಲೇ ಬಾನೆಟ್ ಎತ್ತಿದರು. "ಭಲೇ ಮೇಡಮ್ಮಾ! ಬಾಣಂತಿಗೆ ಎಣ್ಣಿ ಹಚ್ಚಿದಂಗ ಹಚ್ಚೀಯಲ್ಲ!"

ಪಾನಾ ಇಟ್ಟರು. ಕಣ್ಣು ಮುಚ್ಚಿದರು — ಹಾಗೆಯೇ ಮಾಡುತ್ತಿದ್ದರು, ಕೈಗೆ ಕೇಳಿಸಲಿ ಎಂದು. ಮೊದಲು ಒಂದು ಕೂದಲೆಳೆ ಬಿಗಿದರು. ಅದು ಸರಿಯಿತು, ಅವರು ನಕ್ಕರು. ಆಮೇಲೆ ಈ ಕಡೆಗೆ —

ಟಕ್.

ದೊಡ್ಡ ಸದ್ದೇನಲ್ಲ. ಅಡಕೊತ್ತಿನಲ್ಲಿ ಅಡಿಕೆ ಒಡೆದಷ್ಟು. ಬೋಲ್ಟಿನ ತಲೆ ಪಾನಾದ ಬಾಯಲ್ಲಿತ್ತು, ಮೈಯೆಲ್ಲ ಒಳಗೆ ಉಳಿದಿತ್ತು. ಅಪ್ಪ ಅದನ್ನು ನೋಡಲಿಲ್ಲ. ತಮ್ಮ ಅಂಗೈಯನ್ನು ನೋಡಿಕೊಂಡರು.

"ಕೇಳಸಲೇ ಇಲ್ಲಲಾ," ಎಂದರು.

ಮರುದಿನ ನನ್ನ ಗಂಡ ಓಣಿಯ ತುದಿಯ ಗ್ಯಾರೇಜಿನವನನ್ನು ಕರೆತಂದರು. ಡ್ರಿಲ್ಲು ಹಾಕಿ, ತಿರುಗುಮುರುಗಾಗಿ ಕೊರೆದ ಒಂದು ಮೊಳೆಯಂಥದ್ದನ್ನು ತೂರಿಸಿ, ತುಂಡನ್ನು ಹೊರಗೆ ತೆಗೆದ. ಆ ತುಂಡನ್ನು ಬೆಳಕಿಗೆ ಹಿಡಿದು ಅವನು ಅಪ್ಪನನ್ನು ಸಮಾಧಾನ ಮಾಡಿದ: "ಹೋತಂ ಅಸಂ, ಆಜೋಬಾ. ತುಮ್ಚಾ ಹಾತ್ ನಾಹೀ ಚುಕ್ಲಾ. ಬಘಾ ಕಿತೀ ಗಂಜಲಾಯ್." ಹೀಗೆ ಆಗುತ್ತದೆ ಅಜ್ಜಾ, ನಿಮ್ಮ ಕೈ ತಪ್ಪಿಲ್ಲ, ಎಷ್ಟು ತುಕ್ಕು ಹಿಡಿದಿದೆ ನೋಡಿ — ಅಂದ. ಸಮುದ್ರದಲ್ಲಿ ಬಿದ್ದಿತ್ತೇನು ಎಂದು ನಕ್ಕ.

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಅಪ್ಪ ಆ ತುಂಡನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಮರಾಠಿಯಲ್ಲಿ ಅವನಿಗೆ ಉತ್ತರ ಕೊಡದೆ, ಮಗನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ತುಕ್ಕಿನ ಮಾತ ಸುಳ್ಳು. ವಾರಪೂರ್ತಿ ಎಣ್ಣಿ ಕುಡದದ ಅದು. ನಮ್ಮ ಸುಲೋಚನಾ ಹಾಕ್ಯಾಳ. ಆಕಿ ಹಾಕ್ಯಾಳಂದ್ರ ಮುಗೀತು. ಕೈನ ಹೋಗ್ಯಾವಪಾ ನನ್ನವು."

ಎಂದೂ ನನ್ನ ಹೆಸರು ಹಿಡಿದು ಕರೆದವರಲ್ಲ. ಆ ಒಂದು ಸಲ.

ತಮ್ಮ ಕಣ್ಣೆದುರಿಗಿದ್ದ ತುಕ್ಕನ್ನು ಅವರು ನಂಬಲಿಲ್ಲ, ನನ್ನನ್ನು ನಂಬಿದರು. ಜೀವಮಾನವಿಡೀ ತಮ್ಮನ್ನು ಸಾಕಿದ ಕೈಗಳ ಮೇಲೆ ತಪ್ಪು ಹೊರಿಸಿದರು, ನನ್ನ ಮೇಲೆ ಅಲ್ಲ. ಹೇಳುವ ಹೊತ್ತು ಅದೇ ಆಗಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಇದು:

"ಚಹಾ ತೊಗೋರಿ ಅಪ್ಪಾ, ಆರ್ತದ."

ಹೊಸ ಬೋಲ್ಟು ಹಾಕಿದ ಮೇಲೆ ಕಾರು ಚೆಂದವಾಗಿಯೇ ನಡೆಯಿತು. ಅಪ್ಪ ಓಡಿಸಲಿಲ್ಲ. ಬೋಲ್ಟಿನ ಅಂದಾಜು ತಪ್ಪಿದ ಕೈ ಸ್ಟೀರಿಂಗ್ ಹಿಡಿಯಬಾರದು ಎಂದರು. ತೊಟ್ಟಿಲು ಸ್ವಾರಗೇಟಿನಿಂದ ಬಸ್ಸಿನ ಮೇಲೆಯೇ ಹೋಯಿತು. ಪಕ್ಕದಲ್ಲಿ ಕೋಳಿ ಬುಟ್ಟಿ ಇದ್ದದ್ದನ್ನು ನಾನು ನೋಡಿದೆ, ಅವರೂ ನೋಡಿದರು. ಧಾರವಾಡದಲ್ಲಿ ಮಗಳ ಕೈ ಅನ್ನ ಉಂಡರು. ಆದರೆ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ — ನನ್ನ ಕೈಗೆ ಭರವಸೆಯಿಲ್ಲ, ಬಿಟ್ಟುಬಿಟ್ಟೇನು ಎಂದರಂತೆ. ಕೂಸು ನಡೆಯುವ ತನಕ ಇರುತ್ತೇನೆಂದವರು ಬೇಗನೆ ಪುಣೆಗೆ ಮರಳಿದರು.

ನನಗೆ ಬೇಕಾದದ್ದು ಸಿಕ್ಕಿತ್ತು. ಅವರು ನನ್ನ ಹತ್ತಿರವೇ ಉಳಿದರು, ಕೊನೆಯ ತನಕ, ಎಂಬತ್ತರ ದಶಕದ ನಡುವಿನವರೆಗೆ. ನಾನು ಪೇಪರ್ ಓದಿ ಹೇಳುತ್ತಿದ್ದೆ, ಅವರು ಮೊದಲಿನ ಹಾಗೆಯೇ ಟೀಕೆ ಮಾಡುತ್ತಿದ್ದರು, ನಗಿಸುತ್ತಿದ್ದರು. ನನ್ನ ಸಾರಿಗೆ ಉಪ್ಪು ಕಡಿಮೆಯಾದರೂ ಹೊಗಳುತ್ತಿದ್ದರು. ಅಷ್ಟು ಪ್ರೀತಿಯನ್ನು ಯಾವ ಮಗಳೂ ಉಂಡಿರಲಾರಳು. ಆದರೆ ಪಾನಾ ಕೊಡು ಎಂದು ಮತ್ತೆ ಒಮ್ಮೆಯೂ ಕೇಳಲಿಲ್ಲ. ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿಯಲು ಶುರು ಮಾಡಿದರು. ಡಚ್ಚವ್ವನನ್ನು ಯಾರಿಗೋ ಕೊಟ್ಟುಬಿಟ್ಟರು.

ಮುಂದೆ ನನಗೂ ಮಗ ಹುಟ್ಟಿದ. ಆಸ್ಪತ್ರೆಯಿಂದ ಬಂದು, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅವರತ್ತ ಚಾಚಿದೆ. ಅವರು ಎರಡೂ ಕೈ ಹಿಂದಕ್ಕೆ ಸರಿಸಿಕೊಂಡರು.

"ತೊಡೀ ಮ್ಯಾಲ ಹಾಕವಾ, ಕೈಯಾಗ ಬ್ಯಾಡ."

ತೊಡೆಯ ಮೇಲೆ ಮಲಗಿಸಿದೆ. ಗಡ್ಡದಿಂದ ಅವನ ಹೊಟ್ಟೆಗೆ ಕಚಗುಳಿ ಇಟ್ಟರು, ಹಾಡಿದರು, ಕೈ ಮಾತ್ರ ಮುಟ್ಟಿಸಲಿಲ್ಲ. ಆಗಲಾದರೂ ನಾನು — ಆ ಮುದುಕನ ಮುಂದೆ ಕೂತು, ಅಪ್ಪಾ, ಅದು ಉಪ್ಪುನೀರು, ಎಂಬ ಮೂರು ಶಬ್ದ... ಹೇಳಿದ್ದರೆ ಬೈಯುತ್ತಿದ್ದರು, ಬಹುಶಃ ಒಂದು ದಿನ ಮಾತು ಬಿಡುತ್ತಿದ್ದರು, ಆಮೇಲೆ ಕೂಸನ್ನು ಎತ್ತಿಕೊಳ್ಳುತ್ತಿದ್ದರು. ನನಗೆ ಗೊತ್ತಿತ್ತು. ಆದರೆ "ಆಕಿ ಹಾಕ್ಯಾಳಂದ್ರ ಮುಗೀತು" ಎಂಬ ಆ ನಂಬಿಕೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವರ ಕೈಗಳಿಗಿಂತ ನನಗೆ ಅದು ಹೆಚ್ಚಾಯಿತು. ಅವರು ಹೋದರು. ನನ್ನ ಗಂಡನೂ ಇದನ್ನು ತಿಳಿಯದೆಯೇ ಹೋದರು.

ನಿನ್ನೆ ಮಧ್ಯಾಹ್ನ ಶಾಂತಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಇಲ್ಲಿ ಬರೆದಷ್ಟು ಚೆನ್ನಾಗಿ ಅಲ್ಲ. ತಡವರಿಸಿದೆ, ನಡುವೆ ಇಂಗ್ಲಿಷಿಗೆ ಓಡಿದೆ. ಮುಗಿದ ಮೇಲೆ ಅವಳು ಒಲೆ ಆರಿಸಿದ್ದು, ಕುಕ್ಕರಿನ ಸದ್ದು ನಿಂತದ್ದು ಕೇಳಿತು.

"ಅಪ್ಪಗ ಹೇಳಿದ್ರೇನ್ರೀ?" ಎಂದಳು.

"ಇಲ್ಲ."

"ಒಮ್ಮೆನೂ?"

"ಇಲ್ಲ, ಶಾಂತಾ."

"ನನ್ನ ಮಗಳನ್ನ ಎತ್ತಿಕೊಳ್ಳಲಿಲ್ಲ ಅಂವ," ಎಂದಳು. ದನಿ ಬೇರೆಯಾಗಿತ್ತು. "ಕೈದು ಬರೇ ನೆವ, ಹೆಣ್ಣ ಕೂಸಂತ ಎತ್ತಲಿಲ್ಲ ಅಂತ ತಿಳಕೊಂಡಿದ್ದೆ ನಾನು. ಇಷ್ಟೂ ವರ್ಷ. ಈಗ ನನ್ನ ಕೈ ನಡಗಾಕತ್ತ ಮ್ಯಾಲ, ಖರೇನ ಅಂದಿದ್ದ ಅಪ್ಪ ಅಂತ ಸಮಾಧಾನ ಆಗಿತ್ತು. ಈಗ ನೀವು ಕೈಗೆ ಏನೂ ಆಗಿದ್ದಿಲ್ಲ ಅಂತೀರಿ."

ಇದು ನನಗೆ ಗೊತ್ತಿರಲಿಲ್ಲ. ತಂದೆಯ ಮೇಲೆ ಇಂಥದೊಂದು ನೋವನ್ನು ಅವಳು ಹೊತ್ತು ತಿರುಗಿದ್ದಳೆಂದು — ನಾನು ಊಹಿಸಿಯೂ ಇರಲಿಲ್ಲ.

"ಕೈಗೆ ಆಗಿದ್ದಿಲ್ಲ. ಆದರ ಅವರು ಖರೇನ ಅಂಜಿದ್ರು, ಶಾಂತಾ. ನನ್ನ ಮಗನ್ನೂ ಎತ್ತಿಕೊಳ್ಳಲಿಲ್ಲ. ಅಂಜಿಸಿದಾಕಿ ನಾನು."

ಅವಳು ಫೋನಿಟ್ಟಳು.

ಇವತ್ತು ಎರಡು ಸಲ ಮಾಡಿದೆ, ಎತ್ತಲಿಲ್ಲ. ಎತ್ತಬೇಕೆಂದು ಕೇಳುವ ಅಧಿಕಾರ ನನಗಿಲ್ಲ. ನಾಳೆ ಮತ್ತೆ ಮಾಡುತ್ತೇನೆ, ನಾಡಿದ್ದೂ ಮಾಡುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ — ಡಾಕ್ಟರಿಗೆ ಕೈ ತೋರಿಸಿದಿಯೇನು ಎಂದು ಕೇಳುವುದಕ್ಕೆ.